ಬೇಸ್‌ಮೆಂಟಿನ ಗಣಿತ ಮೇಡಂ

ನಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನಲ್ಲಿ, ವಾರ ಕಳೆದರೂ ಯಾರೂ ತೆಗೆದುಕೊಂಡು ಹೋಗದ ರಿಪೋರ್ಟುಗಳನ್ನು ಒಂದು ರಟ್ಟಿನ ಡಬ್ಬಕ್ಕೆ ಹಾಕಿಡುತ್ತೇವೆ. ಹೆಚ್ಚಿನವರು ಮರೆತಿರುತ್ತಾರೆ. ಫೋನ್ ಮಾಡಿದರೆ ‘ಅಯ್ಯೋ, ಬರ್ತೀನಿ ಬರ್ತೀನಿ’ ಅನ್ನುತ್ತಾರೆ. ಆ ಸಲ ಡಬ್ಬದಲ್ಲಿದ್ದ ಒಂದು ಕವರಿನ ಮೇಲೆ ನಮ್ಮ ಮೇಡಂ ಹೆಸರಿತ್ತು. ಅವರು ಮರೆಯುವವರಲ್ಲ. ಫೋನ್ ಮಾಡಿದೆ. ಒಬ್ಬ ಹುಡುಗಿ ಎತ್ತಿಕೊಂಡಳು.

‘ರಿಪೋರ್ಟ್ ಬೇಡ ಆಂಟಿ. ಅಮ್ಮ ಹೋದ ಮಂಗಳವಾರ ತೀರ್ಕೊಂಡ್ರು’ ಅಂದಳು.

ಆಮೇಲೆ ನಾನು ಯಾರದೋ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ಸುಮ್ಮನೆ ನಿಂತುಬಿಟ್ಟಿದ್ದೆನಂತೆ. ‘ಸಿಸ್ಟರ್, ಕೈ ಜೋಮು ಹಿಡೀತಿದೆ’ ಎಂದು ಅವರು ಕೂಗಿದಾಗಲೇ ಎಚ್ಚರವಾದದ್ದು.

ಮೇಡಂ ನನಗೆ ಪಿಯುಸಿಯಲ್ಲಿ ಗಣಿತ ಕಲಿಸಿದವರು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕಾಲೇಜು ಬಸವೇಶ್ವರನಗರದಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಮೇಡಂ ಕುರುಬರಹಳ್ಳಿಯಿಂದ ಬರುತ್ತಿದ್ದರು. ನಲವತ್ತರ ಆಸುಪಾಸಿನ ಸಣ್ಣ ಮೈಕಟ್ಟಿನ ಹೆಂಗಸು. ಗಂಜಿ ಹಾಕಿದ ಕಾಟನ್ ಸೀರೆ, ಬಿಗಿಯಾಗಿ ಹೆಣೆದ ಜಡೆ, ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿಸಿ ಕಟ್ಟಿದ ವಾಚು. ಪಾಠ ಮಾಡುವಾಗ ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಾವು ದಿಕ್ಕು ತೋಚದೆ ನಿಂತರೆ ಅವರದು ಒಂದೇ ಮಾತು: ‘ತಪ್ಪು ಮಾಡು, ಪರವಾಗಿಲ್ಲ. ಆದ್ರೆ ಬೇಗ ಮಾಡು. ತಿದ್ಕೊಳ್ಳಕ್ಕೆ ಟೈಮ್ ಬೇಕಲ್ಲ.’

ಸ್ಟಾಫ್ ರೂಮಿನಲ್ಲಿ ಅವರಿಗೆ ಹತ್ತಿರದವರು ಯಾರೂ ಇದ್ದಂತಿರಲಿಲ್ಲ. ಕಿಟಕಿಯ ಪಕ್ಕ ಕೂತು ಒಬ್ಬರೇ ಡಬ್ಬಿ ಬಿಚ್ಚುತ್ತಿದ್ದರು. ಯಾರಾದರೂ ಮನೆಯ ವಿಷಯ ಎತ್ತಿದರೆ ‘ಎಲ್ಲ ಚೆನ್ನಾಗಿದಾರೆ’ ಎಂದು ಹೇಳಿ ಡಬ್ಬಿಯ ಮುಚ್ಚಳ ಹಾಕಿಬಿಡುತ್ತಿದ್ದರು.

ಒಂದು ಬುಧವಾರ ಮಧ್ಯಾಹ್ನ ಕಾಲೇಜು ಮುಗಿಸಿ ನೋಟ್ಸ್ ಜೆರಾಕ್ಸ್ ಮಾಡಿಸಲು ಮೇನ್ ರೋಡಿಗೆ ಹೋಗಿದ್ದೆ. ಜೆರಾಕ್ಸ್ ಅಂಗಡಿ ಇದ್ದ ಕಟ್ಟಡದ ಬೇಸ್‌ಮೆಂಟಿನಲ್ಲಿ ಒಂದು ವಿಡಿಯೊ ಗೇಮ್ ಪಾರ್ಲರ್ ಇತ್ತು. ಅದರ ಸದ್ದು ಕಾಲಕೆಳಗಿನ ನೆಲದಿಂದಲೇ ಏಳುತ್ತಿತ್ತು. ಹುಡುಗಿಯರು ಆ ಮೆಟ್ಟಿಲು ಇಳಿಯುವುದಿರಲಿ, ಅದರ ಎದುರು ನಿಂತರೂ ಅಕ್ಕಪಕ್ಕದವರು ತಿರುಗಿ ನೋಡುತ್ತಿದ್ದರು. ನಾನು ಜೆರಾಕ್ಸಿಗೆ ಕಾಯುತ್ತಿದ್ದಾಗ ಮೇಡಂ ಬಂದರು. ರಸ್ತೆಯ ಎರಡೂ ಕಡೆ ನೋಡಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದಡದಡನೆ ಇಳಿದು ಹೋದರು.

ಕ್ಲಾಸ್ ತಪ್ಪಿಸಿದ ಹುಡುಗರನ್ನು ಹಿಡಿಯಲು ಬಂದಿದ್ದಾರೆ ಎಂದುಕೊಂಡೆ. ಆ ತಮಾಷೆ ನೋಡಬೇಕೆಂದು ಹಿಂದೆಯೇ ಇಳಿದೆ.

ಬಾಗಿಲಿಗೆ ದಪ್ಪ ಪರದೆ. ಒಳಗೆ ಅರೆಗತ್ತಲು, ಬೆವರು ಮತ್ತು ಊದುಬತ್ತಿಯ ವಾಸನೆ. ಹುಡುಗರೆಲ್ಲ ಕುಸ್ತಿ ಆಟಗಳ ಮಷೀನುಗಳಿಗೆ ಮುತ್ತಿಕೊಂಡು ಬಟನ್ನುಗಳನ್ನು ಬಡಿಯುತ್ತಿದ್ದರು. ಮೂಲೆಯಲ್ಲೊಂದು ಮಷೀನು ಒಂಟಿಯಾಗಿತ್ತು. ಅದರ ಮುಂದೆ ವ್ಯಾನಿಟಿ ಬ್ಯಾಗನ್ನು ಬೆನ್ನಿಗೆ ಸರಿಸಿಕೊಂಡು, ಎಡಗೈಯಲ್ಲಿ ಜಾಯ್‌ಸ್ಟಿಕ್ ಹಿಡಿದು, ನಮ್ಮ ಗಣಿತದ ಮೇಡಂ ವಿಮಾನ ಹಾರಿಸುತ್ತಿದ್ದರು.

ಮಷೀನಿನ ಪರದೆಯ ತಳದಲ್ಲಿ ಅವರ ಪುಟ್ಟ ವಿಮಾನ. ಮೇಲಿನಿಂದ ಶತ್ರುಗಳ ದಂಡು ದಂಡೇ ಇಳಿಯುತ್ತಿತ್ತು. ಗುಲಾಬಿ ಗುಂಡುಗಳು ಮದುವೆಮನೆಯ ಅಕ್ಷತೆಯ ಹಾಗೆ ಪರದೆ ತುಂಬ ಚೆಲ್ಲುತ್ತಿದ್ದವು. ಅವುಗಳ ನಡುವೆ ಆ ವಿಮಾನ ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಸರಿದು ಪಾರಾಗುತ್ತಿತ್ತು. ಮೇಡಂ ಮುಖ ನೋಡಿದೆ. ತುಟಿ ಸ್ವಲ್ಪ ತೆರೆದಿತ್ತು. ಕಣ್ಣು ಮಿಟುಕಿಸುತ್ತಿರಲಿಲ್ಲ. ಅಷ್ಟು ಹಗುರಾದ ಮುಖವನ್ನು ಕ್ಲಾಸಿನಲ್ಲಿ ಒಂದು ದಿನವೂ ಕಂಡಿರಲಿಲ್ಲ.

ಕೊನೆಗೊಂದು ದೈತ್ಯ ಶತ್ರುವಿಮಾನ ಇಳಿಯಿತು. ಒಬ್ಬ ಹುಡುಗ ಆ ಕಡೆಯಿಂದ ‘ಆಂಟಿ, ಬಾಸ್ ಬಂತು! ಬಾಂಬ್ ಹಾಕಿ, ಬಾಂಬ್!’ ಎಂದು ಕೂಗಿದ. ಪರದೆಯ ಗುಂಡೆಲ್ಲ ಒಂದೇ ಸಲ ಅಳಿಸುವ ಬಾಂಬು ಆಟಕ್ಕೆ ಮೂರೇ ಇರುತ್ತಿದ್ದವು. ಮೇಡಂ ಒಂದನ್ನೂ ಹಾಕಲಿಲ್ಲ. ವಿಮಾನ ಸಿಡಿಯಿತು. ಆಗ ಅವರು ತಿರುಗಿ ನನ್ನನ್ನು ನೋಡಿದರು.

‘ಏನಮ್ಮಾ ಇಲ್ಲಿ?’

‘ಜೆರಾಕ್ಸಿಗೆ ಬಂದಿದ್ದೆ ಮೇಡಂ.’

‘ಜೆರಾಕ್ಸ್ ಮೇಲಿದೆ.’

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು, ‘ನೋಡಿದ್ದಂತೂ ಆಯ್ತು. ಬಾ, ಇದನ್ನ ಇಬ್ರು ಆಡ್ಬೋದು’ ಅಂದರು.

ನಾನು ಅರ್ಧ ನಿಮಿಷವೂ ಬದುಕಲಿಲ್ಲ. ಮೂರು ಸಲ ಸತ್ತೆ. ಮೂರನೆಯ ಸಲ ಸಿಟ್ಟು ಬಂದು ಬಟನ್ ಗುದ್ದಿದಾಗ ಮೇಡಂ ನನ್ನ ಕೈ ಹಿಡಿದು, ‘ಮಷೀನ್‌ದೇನು ತಪ್ಪು? ನೀನು ಗುಂಡನ್ನೇ ನೋಡ್ತಿದೀಯ, ಅದಕ್ಕೇ ಗುಂಡಿಗೇ ಹೋಗಿ ಬೀಳ್ತೀಯ. ಗುಂಡು ಎಷ್ಟಾದ್ರೂ ಇರ್ಲಿ. ಖಾಲಿ ಜಾಗ ಎಲ್ಲಿದೆ ಅಂತ ನೋಡು’ ಅಂದರು.

ನಾಲ್ಕನೆಯ ಸಲ ಖಾಲಿ ಜಾಗ ಕಂಡಿತು. ಅದು ಕಂಡ ಗಳಿಗೆಯನ್ನು ನಾನು ಇವತ್ತಿಗೂ ವಿವರಿಸಲಾರೆ. ಒಂದು ಕ್ಷಣದ ಹಿಂದೆ ಗೋಡೆಯಂತಿದ್ದ ಗುಂಡುಗಳ ನಡುವೆ ಓಣಿಗಳು ತೆರೆದವು. ಎಲ್ಲ ನಿಧಾನವಾದಂತೆ, ನಾನು ಮಾತ್ರ ಬೇಗವಾದಂತೆ ಅನ್ನಿಸಿತು. ಮನೆ, ಮಾರ್ಕ್ಸು, ಅಪ್ಪನ ಗದರಿಕೆ, ಯಾವುದೂ ತಲೆಯಲ್ಲಿರಲಿಲ್ಲ. ಹೊರಗೆ ಬಂದಾಗ ಬಿಸಿಲು ಹೊಸದಾಗಿತ್ತು. ಜೆರಾಕ್ಸ್ ಅಂಗಡಿಯವರು ನನ್ನ ನೋಟ್ಸನ್ನು ಎತ್ತಿಟ್ಟು ಕಾಯುತ್ತಿದ್ದರು.

ಮೆಟ್ಟಿಲ ಬಳಿ ಮೇಡಂ ಹೇಳಿದರು: ‘ಎರಡು ಮಾತು ಕೇಳು. ಕ್ಲಾಸ್ ತಪ್ಪಿಸಿ ಇಲ್ಲಿಗೆ ಬರಕೂಡದು. ಮತ್ತೆ, ಇದನ್ನ ಯಾರಿಗೂ ಹೇಳ್ಬೇಡ. ನಿಂಗೋಸ್ಕರ ಅಲ್ಲ, ನಂಗೋಸ್ಕರ ಕೇಳ್ತಿದೀನಿ.’

ಬುಧವಾರ ಮತ್ತು ಶನಿವಾರ ಮಧ್ಯಾಹ್ನ ಅವರಿಗೂ ನಮ್ಮ ಸೆಕ್ಷನ್ನಿಗೂ ಕೊನೆಯ ಪೀರಿಯಡ್ ಇರುತ್ತಿರಲಿಲ್ಲ. ಆ ಎರಡು ದಿನ, ಒಂದೊಂದು ಗಂಟೆ. ಐದಾರು ತಿಂಗಳು ಹೀಗೆ ನಡೆಯಿತು. ಆಟದಲ್ಲಿ ಅವರು ಬೇರೆಯೇ ಮನುಷ್ಯರಾಗಿದ್ದರು. ಚೆನ್ನಾಗಿ ತಪ್ಪಿಸಿಕೊಂಡರೆ ‘ಹಾಂ!’ ಎಂದು ಚಿಕ್ಕ ಹುಡುಗಿಯ ಹಾಗೆ ಕೂಗುತ್ತಿದ್ದರು. ನನಗೆ ಮಾತ್ರ ‘ಬಾಂಬ್ ಬಚ್ಚಿಟ್ಕೊಂಡು ಸಾಯ್ಬೇಡ, ಇರೋದೇ ಹಾಕಕ್ಕೆ’ ಎಂದು ಹೇಳುತ್ತಿದ್ದವರು, ತಾವು ಪ್ರತಿ ಸಲ ಮೂರಕ್ಕೆ ಮೂರೂ ಉಳಿಸಿಕೊಂಡೇ ಸಾಯುತ್ತಿದ್ದರು. ಕೇಳಿದರೆ, ‘ಇದಕ್ಕಿಂತ ಕಷ್ಟದ್ದು ಮುಂದಿರುತ್ತೆ ಅನ್ಸುತ್ತೆ ಕಣೇ’ ಅನ್ನುತ್ತಿದ್ದರು.

ಆ ಮಷೀನಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಸ್ಕೋರು ಅವರದೇ. ಮೂರು ಅಕ್ಷರದ ಹೆಸರು ಹಾಕಲು ಜಾಗ ಬರುತ್ತಿತ್ತು. ಅವರು ಹಾಕುತ್ತಿರಲಿಲ್ಲ. ‘ಹಾಕಿ ಮೇಡಂ, ಹುಡುಗರೆಲ್ಲ ನೋಡ್ಲಿ’ ಎಂದರೆ, ‘ಕರೆಂಟ್ ಹೋದ್ರೆ ಅಳಿಸೋಗುತ್ತೆ. ಹೋಗದಿದ್ರೆ ಇನ್ನೂ ಕಷ್ಟ’ ಎಂದು ನಕ್ಕರು. ಅವರ ಹೆಸರನ್ನು ನಾನೂ ಇಲ್ಲಿ ಬರೆಯುತ್ತಿಲ್ಲ.

ಆ ನಗುವಿನ ಹಿಂದೆ ಏನಿತ್ತೆಂದು ನನಗೆ ಚೂರುಚೂರಾಗಿ ತಿಳಿಯಿತು. ಅವರ ಯಜಮಾನರು ಕಾರ್ಖಾನೆಯ ಕೆಲಸ ಬಿಟ್ಟು ಮನೆಯಲ್ಲಿದ್ದರು. ಮೇಡಂ ಬರುವ ಹೊತ್ತಿಗೆ ಗೇಟಿನ ಹತ್ತಿರ ಕುರ್ಚಿ ಹಾಕಿ ಕೂರುತ್ತಿದ್ದರು. ‘ಬಸ್ ಲೇಟಾದ್ರೆ, ಕಂಡಕ್ಟರ್ ಹತ್ರ ಏನ್ ಅಷ್ಟು ಮಾತು ಅಂತ ಕೇಳ್ತಾರೆ. ಬುಧವಾರ ಶನಿವಾರ ಸ್ಪೆಷಲ್ ಕ್ಲಾಸ್ ಅಂತ ಹೇಳಿದೀನಿ’ ಎಂದು ಒಮ್ಮೆ ಹೇಳಿದರು, ಜೋಕು ಹೇಳುವವರ ಹಾಗೆ. ಇನ್ನೊಂದು ವಾರ ವಾಚು ಬಲಗೈಯಲ್ಲಿತ್ತು. ಎಡಗೈ ಮಣಿಕಟ್ಟಿನ ಸುತ್ತ ನಾಲ್ಕು ಬೆರಳಿನ ನೀಲಿ ಗುರುತು. ನಾನು ನೋಡಿದ್ದನ್ನು ಅವರು ನೋಡಿದರು. ‘ನಿನ್ನ ಎಡಗಡೆ ಬರ್ತಿದೆ ನೋಡು’ ಎಂದು ಪರದೆ ತೋರಿಸಿದರು.

ಇಷ್ಟೆಲ್ಲ ಗೊತ್ತಿದ್ದೂ ನಾನು ಅದನ್ನು ಮಾಡಿದೆ.

ವಾರಕ್ಕೆರಡು ಗಂಟೆ ನನಗೆ ಸಾಲದಾಯಿತು. ನಿದ್ದೆಯಲ್ಲೂ ಗುಲಾಬಿ ಗುಂಡುಗಳು ಇಳಿಯುತ್ತಿದ್ದವು. ಕೆಮಿಸ್ಟ್ರಿ ಕ್ಲಾಸು ತಪ್ಪಿಸಿ ಒಬ್ಬಳೇ ಹೋದೆ. ಆಮೇಲೆ ಬಯಾಲಜಿ. ಮೇಡಂಗೆ ಹೇಳಲಿಲ್ಲ. ಹಾಜರಾತಿ ಕಡಿಮೆಯಾಗಿದೆ ಎಂದು ಕಾಲೇಜಿನಿಂದ ಮನೆಗೆ ಕಾರ್ಡು ಬಂತು. ಅದೇ ವಾರ ಅಪ್ಪನ ಆಫೀಸಿನವರೊಬ್ಬರು ನಾನು ಬೇಸ್‌ಮೆಂಟಿನಿಂದ ಹತ್ತಿ ಬರುವುದನ್ನು ಕಂಡು ಅವರಿಗೆ ತಿಳಿಸಿದ್ದರು.

ಅಪ್ಪ ಹೊಡೆಯಲಿಲ್ಲ. ಬಾಗಿಲು ಹಾಕಿದರು, ನನ್ನ ಎದುರು ಕೂತರು. ‘ಯಾರವನು?’ ಅಂದರು.

‘ಯಾರೂ ಇಲ್ಲಪ್ಪ.’

‘ಹುಡುಗೀರು ಒಬ್ಬೊಬ್ಬರೇ ಆ ಥರದ ಜಾಗಕ್ಕೆ ಹೋಗಲ್ಲ. ಯಾರ ಹುಡುಗ, ಎಲ್ಲಿಯವನು? ಇವತ್ತು ಹೇಳ್ಲಿಲ್ಲ ಅಂದ್ರೆ ನಾಳೆಯಿಂದ ಕಾಲೇಜು ಬಂದ್.’

ಅಡುಗೆಮನೆಯಲ್ಲಿ ಅಮ್ಮ ಅಳುತ್ತಿದ್ದಳು. ‘ಹುಡುಗ ಅಲ್ಲಪ್ಪ. ನಮ್ಮ ಮ್ಯಾಥ್ಸ್ ಮೇಡಂ. ಅವರೇ ಕರ್ಕೊಂಡು ಹೋಗೋರು’ ಅಂದೆ. ‘ಕ್ಲಾಸ್ ಟೈಮಲ್ಲೂನಾ?’ ಎಂದು ಕೇಳಿದರು. ‘ಹೂಂ’ ಅಂದೆ.

ಆ ‘ಹೂಂ’ ಬಾಯಿಂದ ಬಿದ್ದಾಗ ನನಗೆ ಆದದ್ದು ಭಯವಲ್ಲ, ಸಮಾಧಾನ. ಈ ಬರಹದಲ್ಲಿ ಬರೆಯಲು ನನಗೆ ಅತಿ ಕಷ್ಟವಾದ ವಾಕ್ಯ ಇದೇ.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಅಪ್ಪ ಕೂತಿದ್ದರು, ನಾನು ಅವರ ಹಿಂದೆ ನಿಂತಿದ್ದೆ. ಮೇಡಂ ಕೈಯಲ್ಲಿ ಸೀಮೆಸುಣ್ಣದ ಧೂಳು ಹಾಗೇ ಇಟ್ಟುಕೊಂಡು ಬಂದರು. ಪ್ರಿನ್ಸಿಪಾಲರು ವಿಷಯ ಹೇಳಿದರು. ಮೇಡಂ ಅವರಿಗೆ ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿದರು.

‘ಕ್ಲಾಸ್ ಬಿಡಿಸಿ ನಿನ್ನ ನಾನು ಕರ್ಕೊಂಡು ಹೋಗ್ತಿದ್ನೇನಮ್ಮಾ?’

ದನಿಯಲ್ಲಿ ಸಿಟ್ಟಿರಲಿಲ್ಲ. ಬೋರ್ಡಿನ ಹತ್ತಿರ ಕರೆದು ಕೇಳುವ ಹಾಗೆಯೇ ಕೇಳಿದರು. ತಿದ್ದಿಕೊಳ್ಳಲು ನನಗೆ ಸಮಯವನ್ನೂ ಕೊಟ್ಟರು. ನಾನು ನೆಲ ನೋಡಿಕೊಂಡು ಹೌದೆಂದು ತಲೆಯಾಡಿಸಿದೆ.

‘ಇಂಥೋರನ್ನ ಇಟ್ಕೊಂಡು ಕಾಲೇಜು ನಡೆಸ್ತಿದೀರಲ್ಲ ಸಾರ್’ ಎಂದರು ಅಪ್ಪ. ‘ಮೊದಲು ಇವರ ಯಜಮಾನ್ರನ್ನ ಕರೆಸಿ. ಅವರಿಗೂ ಗೊತ್ತಾಗ್ಲಿ.’

ಮೇಡಂ ಮುಖದಲ್ಲಿ ರಕ್ತ ಇಳಿದುಹೋದದ್ದನ್ನು ನಾನು ಕಂಡೆ. ಆ ಮಾತು ಬರದಿದ್ದರೆ ಅವರು ವಾದಿಸುತ್ತಿದ್ದರೋ ಏನೋ. ಹಾಜರಿ ಪುಸ್ತಕ ತರಿಸಿದ್ದರೆ ಸಾಕಿತ್ತು. ನಾನು ತಪ್ಪಿಸಿದ ಪೀರಿಯಡ್ಡುಗಳಲ್ಲಿ ಅವರು ಬೇರೆ ಸೆಕ್ಷನ್ನಿನಲ್ಲಿ ಪಾಠ ಮಾಡುತ್ತಿದ್ದರು.

‘ಅವರನ್ನ ಕರೆಸೋದು ಬೇಡ ಸಾರ್. ಒಂದು ಹಾಳೆ ಕೊಡಿ’ ಅಂದರು. ನಿಂತುಕೊಂಡೇ, ಪ್ರಿನ್ಸಿಪಾಲರ ಮೇಜಿನ ಅಂಚಿನಲ್ಲಿ, ನಾಲ್ಕು ಸಾಲು ರಾಜೀನಾಮೆ ಬರೆದರು. ಕೊಟ್ಟು ಹೊರಡುವಾಗ, ‘ಇವಳನ್ನ ಪರೀಕ್ಷೆಗೆ ಕೂರಿಸಿ ಸಾರ್. ಇಂಟಿಗ್ರೇಶನ್ ಚೆನ್ನಾಗಿ ಮಾಡ್ತಾಳೆ’ ಎಂದು ಹೇಳಿ ಹೋದರು. ನನ್ನ ಕಡೆ ನೋಡಲಿಲ್ಲ.

ನಾನು ಪರೀಕ್ಷೆಗೆ ಕೂತೆ. ಹೇಗೋ ಪಾಸಾದೆ. ಇಂಜಿನಿಯರಿಂಗ್ ಸಿಗಲಿಲ್ಲ, ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡಿದೆ. ವಿಜಯನಗರದ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು. ಆ ಪಾರ್ಲರ್ ಮೊದಲು ಬ್ರೌಸಿಂಗ್ ಸೆಂಟರ್ ಆಯಿತು, ಆಮೇಲೆ ಮೊಬೈಲ್ ಅಂಗಡಿ. ಕುರುಬರಹಳ್ಳಿಯ ಕಡೆ ಹೋಗಬೇಕಾದಾಗ ನಾನು ಸುತ್ತು ಬಳಸಿ ಹೋಗುತ್ತಿದ್ದೆ.

ಕೆಲಸಕ್ಕೆ ಸೇರಿ ಐದು ವರ್ಷದ ಮೇಲೆ ಒಂದು ಬೆಳಗ್ಗೆ, ಲ್ಯಾಬಿನ ಕುರ್ಚಿಯಲ್ಲಿ ತೋಳು ಚಾಚಿ ಮೇಡಂ ಕೂತಿದ್ದರು. ಮುಖ ಊದಿತ್ತು, ಜಡೆ ತೆಳುವಾಗಿತ್ತು. ಕಿಡ್ನಿ ಪರೀಕ್ಷೆಗೆ ಡಾಕ್ಟರ್ ಬರೆದುಕೊಟ್ಟಿದ್ದ ಚೀಟಿ ಮಡಿಲಲ್ಲಿತ್ತು. ಗುರುತಿಸಿದರೆಂದು ಅವರ ಕಣ್ಣಿನಲ್ಲೇ ಗೊತ್ತಾಯಿತು. ನಾನು ನರ ಹುಡುಕಲು ಅವರ ಮಣಿಕಟ್ಟು ಹಿಡಿದೆ.

‘ಕೈ ನಡುಗ್ತಿದೆಯಲ್ಲಮ್ಮಾ’ ಅಂದರು. ‘ಬೇರೆ ಯಾರಾದ್ರೂ ಇದಾರಾ?’

‘ಇಲ್ಲ ಮೇಡಂ, ನಾನೇ.’ ಅಷ್ಟು ಹೇಳುವುದರೊಳಗೆ ಅಳು ಬಂತು. ‘ಅವತ್ತು ನಾನು ಸುಳ್ಳು ಹೇಳ್ದೆ ಮೇಡಂ. ನನ್ನ ಕ್ಷಮಿಸ್ಬಿಡಿ.’

ಅವರು ಗೋಡೆಯ ಗಡಿಯಾರ ನೋಡಿದರು. ‘ಕ್ಷಮಿಸಿದೀನಿ ಅಂದ್ರೆ ನೀನು ಹಗುರಾಗಿ ಮನೆಗೆ ಹೋಗ್ತೀಯ. ನಾನು ಹೋಗೋದು ಅದೇ ಮನೆಗೆ ತಾನೆ?’ ಅಂದರು. ಕೋಪವಿಲ್ಲದೆ ಹೇಳಿದರು, ಅದೇ ಇನ್ನೂ ಕಷ್ಟವಾಯಿತು. ‘ಬೇಗ ತಗೋ. ತಿಂಡಿ ತಿಂದಿಲ್ಲ ನಾನು.’

ಆಮೇಲೆ ಎರಡು ವರ್ಷ, ಎರಡು ಮೂರು ತಿಂಗಳಿಗೊಮ್ಮೆ ಬಂದರು. ಹತ್ತಿರದಲ್ಲಿ ಬೇರೆ ಲ್ಯಾಬುಗಳಿದ್ದವು. ಆದರೂ ಬಂದರು. ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ. ರಿಪೋರ್ಟಿನ ಅಂಕಿಗಳು ಪ್ರತಿ ಸಲ ಏರುತ್ತಿದ್ದವು. ಮೇಡಂ ಅವನ್ನು ನನಗಿಂತ ಬೇಗ ಓದಿ, ಹಿಂದಿನದನ್ನು ಕಳೆದು, ಮುಂದಿನದನ್ನು ಅಂದಾಜು ಮಾಡುತ್ತಿದ್ದರು. ಅಂದಾಜು ತಪ್ಪುತ್ತಿರಲಿಲ್ಲ.

ಒಮ್ಮೆ ಅವರೇ ಕೇಳಿದರು: ‘ನೀನು ಈಗ್ಲೂ ಆಡ್ತೀಯಾ? ಕಂಪ್ಯೂಟರಲ್ಲೆಲ್ಲ ಬರುತ್ತಂತಲ್ಲ.’

‘ಇಲ್ಲ ಮೇಡಂ. ಅವತ್ತಿಂದ ಮುಟ್ಟಿಲ್ಲ.’

ಅವರಿಗೆ ಕೋಪ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ‘ನನ್ನ ಹೆಸರಲ್ಲಿ ವ್ರತ ಹಿಡೀಬೇಡ ಕಣೇ. ನಾನಂತೂ ಬಿಡಬೇಕಾಯ್ತು. ನೀನೂ ಬಿಟ್ಟೆ ಅಂತ ಅದನ್ನೂ ನನ್ನ ತಲೆಗೆ ಕಟ್ಬೇಡ’ ಎಂದು ಹತ್ತಿಯನ್ನು ತೋಳಿಗೆ ಒತ್ತಿ ಹಿಡಿದು ಎದ್ದು ಹೋದರು. ಮುಂದಿನ ಸಲ ಬಂದಾಗ ಅದರ ಮಾತೆತ್ತಲಿಲ್ಲ. ಆದರೆ ನಾನು ಸೂಜಿ ತೆಗೆದಾಗ ‘ನೋವಾಗ್ಲಿಲ್ಲ. ಕೈ ಪಳಗಿದೆ’ ಅಂದರು.

ರಿಪೋರ್ಟು ಬೇಡವೆಂದು ಹುಡುಗಿ ಹೇಳಿದ್ದರೂ, ಅದನ್ನೇ ನೆಪ ಮಾಡಿಕೊಂಡು ಒಂದು ಭಾನುವಾರ ಬೆಳಗ್ಗೆ ಕುರುಬರಹಳ್ಳಿಗೆ ಹೋದೆ. ಗೇಟಿನ ಹತ್ತಿರದ ಕುರ್ಚಿಯಲ್ಲಿ ಅವರ ಯಜಮಾನರು ಕೂತಿದ್ದರು. ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮನುಷ್ಯನಿಗಿಂತ ತುಂಬ ಸಣ್ಣವರು, ಬನಿಯನ್ನಿನೊಳಗೆ ಎಲುಬು ಎಣಿಸಬಹುದಿತ್ತು. ಮೇಡಂ ಸ್ಟೂಡೆಂಟು ಎಂದೆ.

‘ಕಾಲೇಜಿಗೆ ಹೋಗ್ತಿದ್ದಾಗಿನ ಸ್ಟೂಡೆಂಟಾ? ಎಂಥಾ ಕೆಲಸ ಅದು, ಬಿಟ್ಬಿಟ್ಲು. ಮಗಳಿಗೆ ಉಬ್ಬಸ, ನೋಡ್ಕೊಳ್ಳೋರು ಯಾರು ಅಂದ್ಲು’ ಎಂದು ಹೇಳಿ, ನೀರು ತಂದ ಹುಡುಗಿಯ ಕಡೆ ಗಲ್ಲ ಎತ್ತಿ ತೋರಿಸಿದರು. ‘ಎಲ್ಲ ಇವಳಿಂದ.’

ಹುಡುಗಿ ಹತ್ತನೆಯ ಕ್ಲಾಸಿನವಳು. ತಾಯಿಯದೇ ಸಣ್ಣ ಮೈಕಟ್ಟು. ಆ ಮಾತು ಕೇಳಿ ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಎಷ್ಟೋ ವರ್ಷದಿಂದ ಕೇಳುತ್ತಾ ಬಂದ ಮಾತೆಂದು ಅದರಿಂದಲೇ ತಿಳಿಯಿತು. ಮೇಡಂ ಮನೆಯಲ್ಲಿ ಏನಾದರೊಂದು ಕಾರಣ ಹೇಳಲೇಬೇಕಿತ್ತು, ಹೇಳಿದ್ದರು. ನನ್ನ ಸುಳ್ಳಿನ ಮೇಲೆ ಅವರೊಂದು ಸುಳ್ಳು ಹೇಳಬೇಕಾಗಿ ಬಂದು, ಎರಡರ ಭಾರವೂ ಆಗ ಆರು ವರ್ಷದವಳಾಗಿದ್ದ ಈ ಮಗುವಿನ ತಲೆಯ ಮೇಲೆ ಹೋಗಿ ಕೂತಿತ್ತು.

ಅವಳು ಒಣಗಿದ ಬಟ್ಟೆ ತರಲು ಟೆರೇಸಿಗೆ ಹೊರಟಾಗ ನಾನೂ ಹಿಂದೆ ಹೋದೆ. ತಂತಿಯಿಂದ ಬಟ್ಟೆ ಎಳೆಯುತ್ತಾ, ನನ್ನ ಕಡೆ ನೋಡದೆ ಕೇಳಿದಳು: ‘ಅಮ್ಮ ಕಾಲೇಜಲ್ಲಿ ಚೆನ್ನಾಗಿ ಪಾಠ ಮಾಡ್ತಿದ್ರಾ ಆಂಟಿ?’

‘ತುಂಬಾ ಚೆನ್ನಾಗಿ.’

‘ನಂಗೆ ಉಬ್ಬಸ ಇಲ್ದಿದ್ರೆ ಬಿಡ್ತಿರ್ಲಿಲ್ಲ ಅಲ್ವಾ? ಮನೇಲೇ ಕೂತು ಕೂತು ಕಾಯಿಲೆ ಬಂತು ಅಂತಾರೆ ಎಲ್ರೂ. ಆಸ್ಪತ್ರೇಲಿ ಅಮ್ಮನ್ನೇ ಕೇಳ್ದೆ. ಮಾತು ತಿರುಗಿಸ್ಬಿಟ್ರು.’

ಕೆಳಗೆ ಗೇಟಿನ ಹತ್ತಿರ ಅವಳ ಅಪ್ಪ ಕೆಮ್ಮುವುದು ಕೇಳಿಸುತ್ತಿತ್ತು. ನಾನು ಅವಳನ್ನು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂರಿಸಿ, ಪಕ್ಕದಲ್ಲಿ ಕೂತು, ಎಲ್ಲವನ್ನೂ ಹೇಳಿದೆ. ಬೇಸ್‌ಮೆಂಟು, ವಿಮಾನ, ನಮ್ಮಪ್ಪನ ಪ್ರಶ್ನೆ, ನನ್ನ ‘ಹೂಂ’, ಪ್ರಿನ್ಸಿಪಾಲರ ಮೇಜು. ಅವಳ ಅಮ್ಮ ಯಾಕೆ ವಾದಿಸಲಿಲ್ಲ ಎಂಬುದನ್ನೂ ಹೇಳಿದೆ. ದನಿ ತಗ್ಗಿಸಿ ಹೇಳಿದೆ, ಆದರೆ ಯಾವುದನ್ನೂ ಬಿಡಲಿಲ್ಲ.

ಹುಡುಗಿ ಬಟ್ಟೆಯ ರಾಶಿಯನ್ನು ಎದೆಗೆ ಅವುಚಿಕೊಂಡು ಕೇಳಿದಳು. ಅಮ್ಮ ವಿಡಿಯೊ ಗೇಮ್ ಆಡುತ್ತಿದ್ದರು ಎಂದಾಗ ಒಮ್ಮೆ ಕತ್ತೆತ್ತಿ ನೋಡಿದಳು, ಅಷ್ಟೇ. ನಾನು ಮುಗಿಸಿದೆ. ‘ಎದ್ದು ಹೋಗಿ’ ಅಂದಾಳು, ಅವಳ ಅಪ್ಪನನ್ನು ಕರೆದಾಳು ಎಂದು ಕಾಯುತ್ತಾ ಕೂತೆ.

‘ಹಾಗಾದ್ರೆ ನನ್ನಿಂದ ಅಲ್ವಾ?’ ಎಂದಳು ಕೊನೆಗೆ.

‘ಅಲ್ಲಮ್ಮ. ನನ್ನಿಂದ.’

ಅವಳು ಬಟ್ಟೆಯನ್ನು ಕಟ್ಟೆಯ ಮೇಲಿಟ್ಟು ಪೂರ್ತಿಯಾಗಿ ನನ್ನ ಕಡೆ ತಿರುಗಿ ಕೂತಳು. ಕಣ್ಣಲ್ಲಿ ನೀರಿರಲಿಲ್ಲ, ಕರುಣೆಯೂ ಇರಲಿಲ್ಲ.

‘ಇನ್ನೊಂದ್ಸಲ ಹೇಳಿ’ ಅಂದಳು.

ಹೇಳಿದೆ.